ಲೂಫಿಯ ದನಿ ಹುಡುಕಿಕೊಳ್ಳಿ: ನೆಟ್‌ಫ್ಲಿಕ್ಸ್‌ನ ಲೈವ್ ಆ್ಯಕ್ಷನ್ ಅನಿಮೆ, ಒಂದು ತಿಂಗಳ ಲೆಕ್ಕ

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಚಿಕ್ಕಂದಿನ ಅನಿಮೆಗಳನ್ನು, ಅಂದರೆ ಜಪಾನಿ ಕಾರ್ಟೂನುಗಳನ್ನು, ಮನುಷ್ಯರು ವೇಷ ಹಾಕಿ ಆಡುವುದನ್ನು ನೋಡುವ ಆಸೆಗೆ ವರ್ಷಪೂರ್ತಿ ನೆಟ್‌ಫ್ಲಿಕ್ಸ್ ಚಂದಾ ಕಟ್ಟಬೇಕಾಗಿಲ್ಲ, ಒಂದು ತಿಂಗಳು ಧಾರಾಳ. ನೋಡಲೇಬೇಕಾದದ್ದು ಲೂಫಿ ಎಂಬ ಕಡಲ್ಗಳ್ಳ ಹುಡುಗನ ‘ಒನ್ ಪೀಸ್’ ಸರಣಿಯ ಮೊದಲ ಸೀಸನ್, ‘ರುರೋನಿ ಕೆನ್‌ಶಿನ್’ನ ಎರಡು ಸಿನಿಮಾ; ಎಲ್ಲ ಸೇರಿ ಹದಿಮೂರು ಗಂಟೆ ದಾಟುವುದಿಲ್ಲ. ಉಳಿದದ್ದೆಲ್ಲ ಕುತೂಹಲಕ್ಕೆ.

2021ರ ಡಿಸೆಂಬರ್‌ನಲ್ಲಿ ದರ ಇಳಿಸಿದಾಗ ನಿಗದಿಯಾದ ತಿಂಗಳ ಪ್ಲ್ಯಾನ್‌ಗಳು ಹೀಗಿದ್ದವು: ಮೊಬೈಲ್ 149, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ರೂಪಾಯಿ. ಕಟ್ಟುವ ಮುನ್ನ ಆ್ಯಪ್‌ನಲ್ಲಿ ಇವತ್ತಿನ ದರ ಒಮ್ಮೆ ನೋಡಿಕೊಳ್ಳಿ. ಮೊಬೈಲ್ ಪ್ಲ್ಯಾನ್ ಫೋನು, ಟ್ಯಾಬ್‌ಗೆ ಮಾತ್ರ, ಚಿತ್ರದ ಸ್ಪಷ್ಟತೆ 480ಪಿ. ಟಿವಿಗೆ ಹಾಯಿಸಲು ಬಿಡುವುದಿಲ್ಲ. ಮೈಸೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರಿಗೆ ಇದೇ ಸಾಕು: ಹಿಂದಿನ ರಾತ್ರಿ ವೈಫೈಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಮದ್ದೂರು ವಡೆ ಬುಟ್ಟಿ ಹತ್ತುವ ಹೊತ್ತಿಗೆ ಒಂದು ಎಪಿಸೋಡು ಮುಗಿದಿರುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ನಂಬಿಕೊಂಡು ಕೂರಬೇಡಿ.

199ರ ಬೇಸಿಕ್ ಅಗ್ಗ ಅನ್ನಿಸುತ್ತದೆ, ಆದರೆ ಅದು 720ಪಿ. 32 ಇಂಚಿನ ಟಿವಿಗೆ ಪರವಾಗಿಲ್ಲ. ಅದಕ್ಕಿಂತ ದೊಡ್ಡ ಪರದೆಯಲ್ಲಿ ಕತ್ತಲ ದೃಶ್ಯಗಳು ಕೆಡುತ್ತವೆ: ದೀಪದ ಬೆಳಕು ಮೆಲ್ಲಗೆ ಕತ್ತಲಿಗೆ ಇಳಿಯಬೇಕಾದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಾಣುತ್ತವೆ. ಕಡಿಮೆ ಡೇಟಾದಲ್ಲಿ ಚಿತ್ರ ಒತ್ತಿ ಕಳಿಸುವಾಗ ಮೊದಲು ಪೆಟ್ಟು ಬೀಳುವುದು ಕಪ್ಪಿನ ಛಾಯೆಗಳಿಗೇ. ಇಲ್ಲಿ ನೋಡಬೇಕಾದ ಕೆನ್‌ಶಿನ್ ಎಂಬ ಸಮುರಾಯ್ (ಜಪಾನಿ ಕತ್ತಿಯೋಧ) ಸಿನಿಮಾದಲ್ಲಿ ರಾತ್ರಿಯ ದೃಶ್ಯಗಳು ಬಹಳ, ಹಾಗಾಗಿ ನಮ್ಮ ಓಟು 499ಕ್ಕೆ. 649 ಕೊಡುವುದು 4ಕೆ ಟಿವಿಯೂ 15 ಎಂಬಿಪಿಎಸ್ ಬಿಡದೆ ಸಿಗುವ ಲೈನೂ ಇದ್ದವರಿಗೆ ಮಾತ್ರ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಡೇಟಾ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್‌ನ ಹಾಟ್‌ಸ್ಪಾಟಿನಿಂದ ಟಿವಿ ಓಡಿಸುವವರಿಗೆ ನಲವತ್ತು ನಿಮಿಷಕ್ಕೆ ಚಕ್ರ ತಿರುಗಲು ಶುರುವಾಗುವುದು ಇದಕ್ಕೇ.

ಇನ್ನೊಂದು ತಕರಾರು ಎಲ್ಲರಿಗೂ ಗೊತ್ತಿರುವಂಥದ್ದು. ಖಾತೆ ಬೆಂಗಳೂರಿನಲ್ಲಿರುವ ಮಗನದ್ದು, ಟಿವಿ ಮಂಡ್ಯದ ಮನೆಯದ್ದು. 2023ರ ಜುಲೈಯಿಂದ ಭಾರತದಲ್ಲೂ ಒಂದು ಖಾತೆ ಒಂದು ಮನೆಗೆ ಮಾತ್ರ ಎಂಬ ನಿಯಮ ಬಂದಿದೆ. ಪ್ರಯಾಣದಲ್ಲಿದ್ದೇನೆ ಎಂದು ಒತ್ತಿದರೆ ಖಾತೆದಾರರ ಇಮೇಲ್‌ಗೋ ಫೋನಿಗೋ ತಾತ್ಕಾಲಿಕ ಕೋಡ್ ಹೋಗುತ್ತದೆ. ಅದು ಬಾಳುವುದು ಕಾಲು ಗಂಟೆ. ಮಗ ಮೀಟಿಂಗಿನಲ್ಲಿದ್ದರೆ ಅಲ್ಲಿಗೆ ಆಟ ಮುಗಿಯಿತು. ಮಗ ಹಬ್ಬಕ್ಕೆ ಬಂದು ಅವನ ಫೋನು ಪಕ್ಕದಲ್ಲೇ ಇದ್ದಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಪ್ಲೇ ಒತ್ತುವ ಮುನ್ನ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಅನಿಮೆಯಲ್ಲಂತೂ ಒಂದೇ ಚಿತ್ರವನ್ನು ಎರಡು ಮೂರು ಫ್ರೇಮು ಹಿಡಿಯುತ್ತಾರೆ, ಸೆಕೆಂಡಿಗೆ 12 ಅಥವಾ 8 ಚಿತ್ರ ಅಷ್ಟೇ. ನಡುವೆ ಇಲ್ಲದ ಫ್ರೇಮುಗಳನ್ನು ಟಿವಿ ತಾನೇ ಹುಟ್ಟಿಸಿ ತುಂಬಿದರೆ ಅನಿಮೆಯ ಅಂಚುಗಳು ಕಲೆಸಿಹೋಗುತ್ತವೆ, ಕತ್ತಿವರಸೆ ಸಂಜೆ ಏಳೂವರೆಯ ಸೀರಿಯಲ್ ಥರ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಹಾಕಿ ಸುಮ್ಮನಾಗಿ.

ಈಗ ಆಡಿಯೊ. ಈ ಚಂದಾದಲ್ಲಿ ನಿಜವಾಗಿ ಬೆಲೆ ಬಾಳುವುದು ಇದೇ.

ಲೈವ್ ಆ್ಯಕ್ಷನ್ ಅಂದ ಕೂಡಲೇ ಎಲ್ಲರೂ ಕೂದಲು, ಬಟ್ಟೆ, ಮೂಗು ಹೋಲಿಸುತ್ತಾ ಕೂರುತ್ತಾರೆ. ಬಟ್ಟೆ ಎಷ್ಟೇ ಹೋಲಲಿ, ದಸರಾ ಗೊಂಬೆ ಪಟ್ಟಿಯ ಮೇಲಿಂದ ಎದ್ದು ಬಂದು ನಿಂತ ಹಾಗೆ ಒಂದು ಮುಜುಗರ ಇದ್ದೇ ಇರುತ್ತದೆ. ಆ ಮುಜುಗರ ಕಳೆಯುವುದು ದನಿ. ಮಾಡುವವರಿಗೂ ಇದು ಗೊತ್ತು. ಪೊಕೆಮಾನ್ ಅನಿಮೆಯಿಂದ ಬಂದ 2019ರ ಪಿಕಾಚು ಸಿನಿಮಾದಲ್ಲಿ ಪಿಕಾಚು ನಾಯಕನ ಕಿವಿಗೆ ರಯಾನ್ ರೆನಾಲ್ಡ್ಸ್ ದನಿಯಲ್ಲಿ ಮಾತಾಡುತ್ತದೆ, ಬೇರೆಯವರಿಗೆ ಕೇಳುವುದು ಬರೀ ‘ಪಿಕಾ ಪಿಕಾ’. ಆ ಪಿಕಾ ಪಿಕಾಗೆ ಕರೆಸಿದ್ದು ಮೂಲ ಅನಿಮೆಯ ಇಕುಯೆ ಓತಾನಿಯವರನ್ನೇ. ಹಾಲಿವುಡ್ಡಿನ 2016ರ ಜಂಗಲ್ ಬುಕ್ ಹಿಂದಿಗೆ ಬಂದಾಗ ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ದೂರದರ್ಶನದ ಭಾನುವಾರದ ಮೌಗ್ಲಿಯಲ್ಲೂ ಶೇರ್ ಖಾನ್ ಅವರೇ. ಆ ಮೌಗ್ಲಿಯೂ 1989ರ ಜಪಾನಿ ಅನಿಮೆ ಅನ್ನುವುದು ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ.

2023ರ ಆಗಸ್ಟ್ 31ಕ್ಕೆ ಬಂದ ‘ಒನ್ ಪೀಸ್’ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಮೊದಲ ಸೀಸನ್ 8 ಎಪಿಸೋಡು, ಚಿತ್ರೀಕರಣ ಕೇಪ್‌ಟೌನ್‌ನಲ್ಲಿ, ಭಾಷೆ ಇಂಗ್ಲಿಷ್. ಆದರೆ ಜಪಾನಿ ಡಬ್ಬಿಂಗ್‌ಗೆ 1999ರಿಂದ ಅನಿಮೆಯಲ್ಲಿ ದುಡಿಯುತ್ತಿರುವ ತಂಡವನ್ನೇ ಕೂರಿಸಿದ್ದಾರೆ: ರಬ್ಬರಿನ ಹಾಗೆ ಮೈ ಹಿಗ್ಗುವ ನಾಯಕ ಲೂಫಿಗೆ ಮಯೂಮಿ ತನಾಕಾ, ಅವನ ಜೊತೆಗಾರ ಕತ್ತಿವೀರ ಜೋರೋಗೆ ಕಜುಯಾ ನಕಾಯ್. ಜೋರೋ ಪಾತ್ರ ಮಾಡಿದ ಮಕೆನ್ಯೂಗೆ ಜಪಾನಿ ಚೆನ್ನಾಗಿ ಬರುತ್ತದೆ, ಆದರೂ ಜಪಾನಿ ಟ್ರ್ಯಾಕ್‌ನಲ್ಲಿ ಅವರ ಬಾಯಿಂದ ಬರುವುದು ನಕಾಯ್ ದನಿ! ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪಿನಲ್ಲಿ ಸಬ್‌ಟೈಟಲ್ ಓದುತ್ತಾ ಒನ್ ಪೀಸ್ ನೋಡಿದ ಪೀಳಿಗೆ ಬೇರೆ ಯೋಚನೆ ಮಾಡದೆ ಜಪಾನಿಗೆ ಹಾಕಿಕೊಳ್ಳಬಹುದು. ತುಟಿ ಹೊಂದುವುದಿಲ್ಲ ನಿಜ, ಎರಡನೇ ಎಪಿಸೋಡಿಗೆ ಅದು ಮರೆತುಹೋಗುತ್ತದೆ.

ಆಡಿಯೊ ಪಟ್ಟಿಯಲ್ಲಿ ಜಪಾನಿ ಕಾಣದಿದ್ದರೆ ಗಾಬರಿ ಬೇಡ. ಪ್ರೊಫೈಲಿನ ಭಾಷೆ ನೋಡಿಕೊಂಡು ಆ್ಯಪ್ ಕೆಲವೇ ಭಾಷೆ ತೋರಿಸಿ ಉಳಿದದ್ದನ್ನು ಬಚ್ಚಿಡುವುದುಂಟು. ಬ್ರೌಸರ್‌ನಲ್ಲಿ ಖಾತೆ ತೆರೆದು, ನಿಮ್ಮ ಪ್ರೊಫೈಲಿನ ಭಾಷೆಗಳಿಗೆ ಹೋಗಿ, ಶೋ ಮತ್ತು ಸಿನಿಮಾ ಭಾಷೆಗಳಲ್ಲಿ ಜಪಾನಿಗೆ ಟಿಕ್ ಹಾಕಿ ಉಳಿಸಿ. ಆಮೇಲೆ ಟಿವಿ ಆ್ಯಪ್ ಮುಚ್ಚಿ ತೆರೆಯಿರಿ.

ಸಬ್‌ಟೈಟಲ್‌ನಲ್ಲಿ ಒಂದು ಗೊಂದಲ ಇದೆ. ಒನ್ ಪೀಸ್ ಇಂಗ್ಲಿಷಿನಲ್ಲಿ ತೆಗೆದದ್ದು, ಅದರ ಇಂಗ್ಲಿಷ್ ಸಬ್‌ಟೈಟಲ್ ಇಂಗ್ಲಿಷ್ ಸಂಭಾಷಣೆಯದ್ದು. ಜಪಾನಿ ದನಿ ಹಾಕಿದರೆ ಕೇಳುವುದಕ್ಕೂ ಓದುವುದಕ್ಕೂ ಅಲ್ಲಲ್ಲಿ ತಾಳ ತಪ್ಪುತ್ತದೆ. ಜಪಾನಿನಲ್ಲೇ ತೆಗೆದ ಸಿನಿಮಾಗಳಲ್ಲಿ ಉಲ್ಟಾ: ಅಲ್ಲಿ ಸಿಸಿ ಎಂದು ಬರೆದಿರುವ ಇಂಗ್ಲಿಷ್ ಇಂಗ್ಲಿಷ್ ಡಬ್ಬಿಂಗ್‌ಗೆ ಹೊಂದುತ್ತದೆ, ಬರೀ ಇಂಗ್ಲಿಷ್ ಎಂದಿರುವುದು ಜಪಾನಿಯ ಅನುವಾದ. ಜಪಾನಿ ಕೇಳುವವರು ಎರಡನೆಯದನ್ನೇ ಆರಿಸಿ.

ಕನ್ನಡ? ಇಲ್ಲ. ಹಿಂದಿ ಇದೆ. ಎರಡು ಸಾವಿರದ ದಶಕದಲ್ಲಿ ಮೈಸೂರಿನ ಮಕ್ಕಳು ಡೋರೇಮಾನ್, ಶಿನ್‌ಚಾನ್ ನೋಡಿ ಹಿಂದಿ ಕಲಿತದ್ದು ಕನ್ನಡದಲ್ಲಿ ಆಯ್ಕೆಯೇ ಇರಲಿಲ್ಲ ಅಂತ. ಕನ್ನಡಕ್ಕೇ ಮೀಸಲಾದ ಮಕ್ಕಳ ಚಾನೆಲ್ ಚಿಂಟು ಬಂದದ್ದು 2009ರಲ್ಲಿ. ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ಚಿತ್ರರಂಗ ತಡೆಯುವುದು ತಪ್ಪು ಎಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅದಾಗಿ ಇಷ್ಟು ವರ್ಷವಾದರೂ, 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್’ ಸಿನಿಮಾ ಹಿಂದಿ, ತಮಿಳು, ತೆಲುಗಿನಲ್ಲಿ ಥಿಯೇಟರಿಗೆ ಬಂತು, ಕನ್ನಡದಲ್ಲಿ ಬರಲಿಲ್ಲ. ಲೂಫಿಯಂಥ ಪಾತ್ರಕ್ಕೆ ಕನ್ನಡ ಎಷ್ಟು ಹೊಂದುತ್ತಿತ್ತು ಅನ್ನುವುದೇ ಹೊಟ್ಟೆಕಿಚ್ಚು. ಅವನು ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಏಕವಚನದಲ್ಲೇ ಮಾತಾಡುವವನು. ‘ನಾ ಕಡಲ್ಗಳ್ಳರ ರಾಜ ಆಗೇ ಆಯ್ತೀನಿ ಕಣ್ಲಾ’ ಎಂದು ಮಂಡ್ಯದ ಬಾಯಲ್ಲಿ ಹೇಳಿಸಿದರೆ ಯಾವ ಡಬ್ಬಿಂಗೂ ಹತ್ತಿರ ಸುಳಿಯುವುದಿಲ್ಲ.

ಸರಣಿ ಹೇಗಿದೆ? ಚೆನ್ನಾಗಿದೆ. ಅನಿಮೆಯ ಮೊದಲ 44 ಎಪಿಸೋಡು, ಅಂದರೆ ಹದಿನೇಳೂವರೆ ಗಂಟೆಯ ಕಥೆಯನ್ನು ಹೆಚ್ಚುಕಡಿಮೆ 8 ಗಂಟೆಗೆ ಇಳಿಸಿದ್ದಾರೆ. ಕತ್ತರಿ ಬಿದ್ದಿರುವುದು ಸರಿಯಾದ ಕಡೆಗೇ: ಕಡಲ್ಗಳ್ಳ ಡಾನ್ ಕ್ರೀಗ್ ಬಂದಷ್ಟೇ ಬೇಗ ಕತ್ತಿವೀರ ಮಿಹಾಕ್ ಕೈಯಲ್ಲಿ ಮುಗಿದುಹೋಗುತ್ತಾನೆ, ಲೂಫಿಯ ಜೊತೆಗಾರ ಉಸೋಪನ ಉದ್ದ ಮೂಗು ಇಲ್ಲವೇ ಇಲ್ಲ. ಮೂಗು ಅಂಟಿಸಿದ್ದರೆ ನಟ ಜೇಕಬ್ ರೊಮೆರೊ ಅಳುವ ದೃಶ್ಯಗಳೆಲ್ಲ ನಗೆಪಾಟಲಾಗುತ್ತಿದ್ದವು. ಅದರ ಬದಲು ಖರ್ಚು ಹಡಗಿಗೆ ಮಾಡಿದ್ದಾರೆ. ಕುರಿ ತಲೆಯ ಗೋಯಿಂಗ್ ಮೆರಿಯನ್ನು ಪೂರ್ತಿ ಗಾತ್ರದಲ್ಲೇ ಕಟ್ಟಿದ್ದು ಹಲಗೆಯ ಮೇಲಿನ ನಡಿಗೆಯಲ್ಲಿ ಗೊತ್ತಾಗುತ್ತದೆ. ಬಲಹೀನ ಜಾಗ ಲೂಫಿಯ ಕೈ ಹಿಗ್ಗುವುದು. ಅನಿಮೆಯಲ್ಲಿ ಗೆರೆ ಎಳೆದಷ್ಟೂ ಕೈ ಉದ್ದ. ಇಲ್ಲಿ ಚರ್ಮ, ಬೆಳಕು, ನೆರಳು ಎಲ್ಲ ಜೊತೆಗೆ ಹಿಗ್ಗಬೇಕು, ಅಲ್ಲಿ ಕಣ್ಣು ಹಿಡಿದುಬಿಡುತ್ತದೆ. ಅದಕ್ಕೇ ಹೊಡೆತಗಳನ್ನು ಮಿತವಾಗಿ ಇಟ್ಟಿದ್ದಾರೆ.

ಆಮೇಲೆ ‘ರುರೋನಿ ಕೆನ್‌ಶಿನ್’, ಕೊಲೆಗಾರನಾಗಿದ್ದು ಕೊಲ್ಲುವುದು ಬಿಟ್ಟ ಕತ್ತಿವೀರನ ಕಥೆ. ಕೇಶಿ ಓತೊಮೊ ನಿರ್ದೇಶನದ ಐದು ಸಿನಿಮಾಗಳಲ್ಲಿ ಕೊನೆಯ ಎರಡು, ‘ದಿ ಫೈನಲ್’ ಮತ್ತು ‘ದಿ ಬಿಗಿನಿಂಗ್’, 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದವು. ಬಿಗಿನಿಂಗ್ ಮೊದಲು ನೋಡಿ. ಅದು ಇಡೀ ಕಥೆಯ ಹಿಂದಿನ ಕಥೆ, ಹಳೆಯದೇನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಫೈನಲ್ ಮೊದಲು ನೋಡಿದರೆ ಬಿಗಿನಿಂಗ್‌ನ ಗುಟ್ಟು ಫ್ಲ್ಯಾಶ್‌ಬ್ಯಾಕಿನಲ್ಲೇ ಸೋರಿಹೋಗುತ್ತದೆ. ಬಿಗಿನಿಂಗ್‌ನ ಶುರುವಿನಲ್ಲೇ ಕೆನ್‌ಶಿನ್‌ನ ಕೈ ಹಿಂದಕ್ಕೆ ಕಟ್ಟಿರುತ್ತಾರೆ. ಅವನು ಹಲ್ಲಲ್ಲಿ ಕತ್ತಿ ಕಚ್ಚಿಕೊಂಡು ಕತ್ತಲ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೆಡವುತ್ತಾನೆ. ಅಲ್ಲಿ ಅವನ ಸೊಂಟ ಎಷ್ಟು ಕೆಳಗಿರುತ್ತದೆ ನೋಡಿ. ಅನಿಮೆ ವೇಗ ತೋರಿಸಲು ಗೆರೆ ಎಳೆದು ಚಿತ್ರ ನಿಲ್ಲಿಸುತ್ತದೆ. ಆ್ಯಕ್ಷನ್ ನಿರ್ದೇಶಕ ಕೆಂಜಿ ತಾನಿಗಾಕಿ ಅದೇ ವೇಗವನ್ನು ನಟ ತಕೇರು ಸಾತೊ ಮೈ ಬಗ್ಗಿಸಿ ನೆಲ ಸವರಿ ಓಡುವುದರಲ್ಲಿ ತೆಗೆದಿದ್ದಾರೆ.

ಇದನ್ನೂ ಜಪಾನಿಯಲ್ಲೇ ಕೇಳಬೇಕು, ಬೇರೆ ಕಾರಣಕ್ಕೆ. ಕೊಲೆಗಾರನಾಗಿದ್ದ ಕಾಲದಲ್ಲಿ ಕೆನ್‌ಶಿನ್ ತನ್ನನ್ನು ‘ಓರೆ’ ಅನ್ನುತ್ತಾನೆ, ಒರಟು ‘ನಾನು’. ಕೊಲ್ಲುವುದು ಬಿಟ್ಟು, ಅಲಗು ತಿರುವು ಮುರುವಾದ ಕತ್ತಿ ಹಿಡಿದ ಮೇಲೆ ‘ಸೆಶ್ಶಾ’, ಮಾತಿನ ಕೊನೆಗೆ ‘ಗೊಜಾರು’. ನಮ್ಮಲ್ಲಿ ‘ನಾನು’ ಅನ್ನುತ್ತಿದ್ದವನು ‘ತಮ್ಮ ಪಾದಸೇವಕ’ ಅನ್ನಲು ಶುರುಮಾಡಿದ ಹಾಗೆ. ಇಂಗ್ಲಿಷಿನಲ್ಲಿ ಎರಡೂ ಐ. ಜೋರೋ ಇಷ್ಟವಾದವರಿಗೆ ಇನ್ನೊಂದು ಲಾಭ: ಫೈನಲ್‌ನ ವಿಲನ್ ಎನಿಶಿ ಇದೇ ಮಕೆನ್ಯೂ, ಇಲ್ಲಿ ಸ್ವಂತ ದನಿಯಲ್ಲಿ.

ಉಳಿದವು ಬೇಗ ಮುಗಿಸೋಣ. ‘ಕೌಬಾಯ್ ಬೀಬಾಪ್’ 2021ರ ನವೆಂಬರ್ 19ಕ್ಕೆ ಬಂತು, ಮೂರು ವಾರ ತುಂಬುವ ಮೊದಲೇ ರದ್ದಾಯಿತು. ಸಂಗೀತಕ್ಕೆ ಮೂಲದ ಯೋಕೊ ಕಾನ್ನೊ ಅವರೇ, ಕೇಳಲು ಸೊಗಸು. ಆದರೆ ಅನಿಮೆ ಸುಮ್ಮನಿದ್ದ ಕಡೆಯೆಲ್ಲ ಇಲ್ಲಿ ಮಾತು ತುರುಕಿದ್ದಾರೆ. ‘ಯು ಯು ಹಾಕುಶೊ’ 112 ಎಪಿಸೋಡಿನ ಅನಿಮೆ, ಇಲ್ಲಿ 5 ಎಪಿಸೋಡು. ವಿಲನ್ ತೊಗುರೊ ಜೊತೆಗಿನ ಹೊಡೆದಾಟ ಜೋರಾಗಿದೆ, ಅವನ ಮೇಲೆ ಸಿಟ್ಟು ಬರುವಷ್ಟು ಹೊತ್ತು ಮಾತ್ರ ಕೊಟ್ಟಿಲ್ಲ. 2017ರ ‘ಡೆತ್ ನೋಟ್’ ಕಥೆಯನ್ನು ಸಿಯಾಟಲ್‌ಗೆ ಒಯ್ದು ನಾಯಕ ಲೈಟ್‌ನ ಬುದ್ಧಿವಂತಿಕೆಯನ್ನು ಜಪಾನಿನಲ್ಲೇ ಬಿಟ್ಟುಬಂದಿದೆ, ವಿಲೆಮ್ ಡಫೋ ದನಿಯ ಸಾವಿನ ದೇವರು ರ್‍ಯೂಕ್‌ಗಾಗಿ ಬೇಕಾದರೆ ಇಪ್ಪತ್ತು ನಿಮಿಷ ನೋಡಿ. 2009ರ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ ಎಲ್ಲೇ ಕಂಡರೂ ಮುಂದಕ್ಕೆ ಹೋಗಿ. ಅದರ ಚಿತ್ರಕಥೆ ಬರೆದವರೇ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದ್ದಾರೆ.

ಹತೋರಿ, ಶಿನ್‌ಚಾನ್ ಗುಂಪಿನವರಿಗೂ ಲೈವ್ ಆ್ಯಕ್ಷನ್ ಇದೆ. ನಿಂಜಾ ಹತೋರಿ 2004ರಲ್ಲಿ ಜಪಾನಿನಲ್ಲಿ ಸಿನಿಮಾ ಆಯಿತು, ಹತೋರಿಯಾಗಿ ಗಾಯಕ, ನಟ ಶಿಂಗೊ ಕತೋರಿ. ಶಿನ್‌ಚಾನ್‌ನ 2002ರ ಯುದ್ಧದ ಸಿನಿಮಾವನ್ನು 2009ರಲ್ಲಿ ‘ಬ್ಯಾಲಡ್’ ಎಂದು ತೆಗೆದವರು ತಕಾಶಿ ಯಮಜಾಕಿ, ಅಂದರೆ ‘ಗಾಡ್ಜಿಲ್ಲಾ ಮೈನಸ್ ಒನ್’ಗೆ ಆಸ್ಕರ್ ತಂದವರು. ಅದರಲ್ಲಿ ಶಿನ್‌ಚಾನ್ ಇಲ್ಲ, ಅವನ ಜಾಗದಲ್ಲಿ ಬೇರೆ ಹೆಸರಿನ ಸಭ್ಯ ಹುಡುಗ. ಇವೆರಡೂ ನೆಟ್‌ಫ್ಲಿಕ್ಸ್ ತಯಾರಿಸಿದವಲ್ಲ, ಇವನ್ನು ನಂಬಿ ಚಂದಾ ಕಟ್ಟಬೇಡಿ.

ಮೌಗ್ಲಿ ನೆನಪಿಗಾದರೆ ಚಂದಾವೇ ಬೇಡ. 1942ರ ಜೋಲ್ಟನ್ ಕೋರ್ಡಾ ನಿರ್ದೇಶನದ ‘ಜಂಗಲ್ ಬುಕ್’ ಸಿನಿಮಾ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೌಗ್ಲಿಯಾಗಿ ಆಡಿದ ಸಾಬು ಹುಟ್ಟಿದ್ದು 1924ರಲ್ಲಿ ಕಬಿನಿ ಬದಿಯ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಮಾವುತನ ಮಗನಾಗಿ. ಹಲವು ಪ್ರತಿಗಳಿರುತ್ತವೆ, ಮೊದಲ ಐದು ನಿಮಿಷದಲ್ಲಿ ಕಾಡಿನ ಹಸಿರು ಕಂದಾಗಿ ಕಂಡರೆ ಅದು ಬಣ್ಣ ಹೋದ ಪ್ರತಿ, ಬೇರೆಯದನ್ನು ಹಾಕಿ. ಮಕ್ಕಳನ್ನು ಕೂರಿಸಿಕೊಂಡು ನೋಡುವುದಾದರೆ ಮೊದಲೇ ಹೇಳಿಬಿಡಿ: ಇದರಲ್ಲಿ ಬಲೂ ಮಾತಾಡುವುದಿಲ್ಲ, ಶೇರ್ ಖಾನೂ ಮಾತಾಡುವುದಿಲ್ಲ, ಬಾಯಿ ಬಿಡುವುದು ಹಾವುಗಳು ಮಾತ್ರ.