ಉಣ್ಣೆಯ ಮೊಲಕ್ಕೆ ಯಾವ ಉಣ್ಣೆ, ಯಾವ ಸೂಜಿ, ಯಾವ ಹಾಸು?

ಮನೆಮಂದಿಯೆಲ್ಲ ಕೂತು ನೀಡಲ್ ಫೆಲ್ಟಿಂಗ್ (ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಬಿಗಿಮಾಡಿ ಗೊಂಬೆ ಮಾಡುವ ಕೆಲಸ) ಶುರುಮಾಡಿದವರು ಅರ್ಧಕ್ಕೇ ಕೈಬಿಡುವುದು ಹೆಚ್ಚಾಗಿ ಕೈ ಪಳಗದ್ದಕ್ಕಲ್ಲ, ತಂದ ಉಣ್ಣೆ ತಪ್ಪಾದದ್ದಕ್ಕೆ. ಸುಮಾರು 8 ಸೆಂ.ಮೀ. ಎತ್ತರದ, 10 ಗ್ರಾಂ ಉಣ್ಣೆ ಹಿಡಿಯುವ ಒಂದೇ ಬಗೆಯ ಮೊಲವನ್ನು ಬೇರೆ ಬೇರೆ ಸಾಮಾನುಗಳಲ್ಲಿ ಮಾಡಿ ನೋಡಿದಾಗ ಕಂಡ ವ್ಯತ್ಯಾಸಗಳು ಇಲ್ಲಿವೆ.

ಹಿಂಜಿದ್ದೋ, ಬಾಚಿದ್ದೋ?

ಫೆಲ್ಟಿಂಗ್ ಸೂಜಿಗೆ ದಾರ ಪೋಣಿಸುವ ಕಣ್ಣಿರುವುದಿಲ್ಲ. ಅದರ ಬದಲು ತುದಿಯ ಹತ್ತಿರ, ಅಂಚುಗಳ ಮೇಲೆ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಸೂಜಿ ಒಳಗೆ ಹೋಗುವಾಗ ಇವು ಎಳೆಗಳನ್ನು ಸಿಕ್ಕಿಸಿಕೊಂಡು ತಳ್ಳುತ್ತವೆ, ಹೊರಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಎಳೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ಬೇಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗಿದ್ದರೆ ಜಾರುತ್ತವೆ. ಉಳಿದ ವ್ಯತ್ಯಾಸವೆಲ್ಲ ಇಲ್ಲಿಂದಲೇ ಹುಟ್ಟುವುದು.

ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಮೆರಿನೋ ಕುರಿಯ ಬಾಚಿದ ನವಿರು ಉಣ್ಣೆ, ಅಂದರೆ ‘ಟಾಪ್ಸ್’. ಹೊಳಪಿದೆ, ನುಣುಪಿದೆ, ನೂರೆಂಟು ಬಣ್ಣಗಳಲ್ಲಿ ಸಿಗುತ್ತದೆ. ಮೊಲದ ಮೈಗೆ ಮಾತ್ರ ಇದು ಬೇಡ. ಎಷ್ಟು ಚುಚ್ಚಿದರೂ ಒಳಗೆ ಮೆತ್ತಗೇ ಉಳಿಯುತ್ತದೆ, ಮೇಲೆ ಸೂಜಿಯ ತೂತುಗಳು ಸಿಡುಬಿನ ಕಲೆಯಂತೆ ಕಾಣುತ್ತವೆ, ಸುತ್ತಿದ ಪದರದ ಅಂಚು ಗೆರೆಯಾಗಿ ಎದ್ದು ನಿಲ್ಲುತ್ತದೆ. ಹಿಂಜಿದ ಉಣ್ಣೆ, ಅಂದರೆ ‘ಬ್ಯಾಟ್’, ನೋಡಲು ಪೆದ್ದುಪೆದ್ದಾಗಿದ್ದರೂ ಅದರಲ್ಲೂ ಕೊರಿಡೇಲ್‌ನಂಥ ಸ್ವಲ್ಪ ಒರಟು ಉಣ್ಣೆಯ ಕುರಿಜಾತಿಯದಾದರೆ ಕೆಲವೇ ನಿಮಿಷಗಳಲ್ಲಿ ಉಂಡೆ ಬಿಗಿಯುತ್ತದೆ. ಮೈಗೆ ಬಣ್ಣವಿಲ್ಲದ ಹಿಂಜಿದ ಉಣ್ಣೆ, ಮೇಲೆ ತೆಳ್ಳಗೆ ಬಣ್ಣದ್ದು: ಕಲಿಯುವವರಿಗೆ ಇದೇ ಜೋಡಿ.

ಈಗಾಗಲೇ ಮೆರಿನೋ ತಂದಾಗಿದ್ದರೆ ಎಸೆಯಬೇಕಿಲ್ಲ. 3–4 ಸೆಂ.ಮೀ. ತುಣುಕುಗಳಾಗಿ ಎಳೆದು, ಅಡ್ಡ–ಉದ್ದ ಒಂದರ ಮೇಲೊಂದು ಇಟ್ಟು, ಮತ್ತೆ ಎಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ದಿಕ್ಕು ತಪ್ಪುತ್ತದೆ. ಕತ್ತರಿ ಹಾಕಬೇಡಿ, ಕತ್ತರಿಸಿದ ಮೊಂಡು ತುದಿಗಳು ಒಳಗೆ ಸೇರದೆ ಹೊರಗೆ ನಿಲ್ಲುತ್ತವೆ. ಕುದುರೆಯ ಕೇಸರ, ನಾಯಿಯ ಉದ್ದ ಕೂದಲು ಮಾಡುವಾಗ ಮಾತ್ರ ಬಾಚಿದ್ದಕ್ಕೆ ಸಾಟಿಯಿಲ್ಲ.

ದಿಂಬಿಗೆ ತುಂಬುವ ಪಾಲಿಯೆಸ್ಟರ್ ಒಳಗಿಟ್ಟರೆ ಉಣ್ಣೆ ಉಳಿಯುತ್ತದೆ ನಿಜ, ಆದರೆ ಅದು ಒತ್ತಿದಷ್ಟೂ ಪುಟಿಯುತ್ತದೆ. ಕಾಲು ಚುಚ್ಚಿ ನಿಲ್ಲಿಸುವಷ್ಟು ಬಿಗಿ ಬರುವುದಿಲ್ಲ.

36, 38, 40

ಸೂಜಿಯ ದಪ್ಪವನ್ನು ಹೇಳುವ ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ತೆಳು. 36 ಬೇಗ ಬಿಗಿಸುತ್ತದೆ, ಕಾಲು–ತಲೆ ಜೋಡಿಸಲು ಒಳ್ಳೆಯದು, ಆದರೆ ತೂತು ಬಿಡುತ್ತದೆ. 40ರಿಂದ ಮೈ ನುಣುಪಾಗುತ್ತದೆ, ಒರಟು ಕೈಗೆ ಸಿಕ್ಕರೆ ಪಟ್ಟನೆ ಮುರಿಯುತ್ತದೆ. ಒಂದೇ ಕೊಳ್ಳುವುದಾದರೆ 38. ಮೂರನ್ನೂ ಕೊಂಡರೆ ಹಿಡಿಯ ತುದಿಗೆ ಬೇರೆ ಬೇರೆ ಬಣ್ಣದ ಉಗುರುಬಣ್ಣ ಹಚ್ಚಿ, ಇಲ್ಲದಿದ್ದರೆ ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಸೂಜಿ ಹೆಚ್ಚಿನ ಸಲ ಮುರಿಯುವುದು ಬಲದಿಂದಲ್ಲ, ಓರೆಯಾಗಿ. ಹೋದ ಕೋನದಲ್ಲೇ ಹೊರಗೆ ಬರಬೇಕು. ಒಳಗಿರುವಾಗಲೇ ಉಣ್ಣೆಯನ್ನು ಮೀಟಲು ಹೋದರೆ ತುದಿ ಒಳಗೇ ಉಳಿಯುತ್ತದೆ. ಮುರಿದರೆ ತುಂಡು ಸಿಗುವವರೆಗೆ ಹುಡುಕಿ, ಸಿಗದಿದ್ದರೆ ಆ ಪ್ರಾಣಿ ಮಗುವಿನ ಕೈಗೆ ಹೋಗಬಾರದು. ಹಲವು ಸೂಜಿ ಒಟ್ಟಿಗೆ ಹಿಡಿಯುವ ಹಿಡಿಕೆ ಚಪ್ಪಟೆ ಕೆಲಸಕ್ಕೆ ಸರಿ, ಇಷ್ಟು ಸಣ್ಣ ಮೊಲಕ್ಕೆ ದಂಡ.

ಹಾಸು

ಚುಚ್ಚುವಾಗ ಉಣ್ಣೆಯ ಕೆಳಗಿಡುವ ಹಾಸು ಸ್ಪಂಜಿನದಾದರೆ 5 ಸೆಂ.ಮೀ.ಗಿಂತ ದಪ್ಪವಿರಲಿ. ಹಗುರ, ಶಬ್ದವಿಲ್ಲ, ಆದರೆ ಒಂದೇ ಜಾಗದಲ್ಲಿ ಚುಚ್ಚಿದರೆ ಪುಡಿಯಾಗಿ ಉಣ್ಣೆಗೆ ಅಂಟುತ್ತದೆ. ಅಕ್ಕಿ ತುಂಬಿದ ಗೋಣಿಬಟ್ಟೆಯ ಚೀಲ ಬಹಳ ಕಾಲ ಬಾಳುತ್ತದೆ. ಅದರ ತಕರಾರು ಒಂದೇ: ಬಿಳಿ ಮೊಲಕ್ಕೆ ಗೋಣಿಯ ನಾರು ಅಂಟುತ್ತದೆ, ಮೇಲೊಂದು ಫೆಲ್ಟ್ ಬಟ್ಟೆ ಹಾಸಿದರೆ ಆಯಿತು. ಬ್ರಷ್‌ನಂತೆ ಬಿರುಗೂದಲು ನಿಂತಿರುವ ಹಾಸಿನ ಗಟ್ಟಿ ತಳಕ್ಕೆ ಬಡಿದು ಸೂಜಿ ಮುರಿಯುತ್ತದೆ. ಹಾಸು ಯಾವುದೇ ಇರಲಿ, ಆಗಾಗ ಎತ್ತಿ ತಿರುಗಿಸದಿದ್ದರೆ ಮೊಲ ಅದಕ್ಕೇ ಹೆಣೆದುಕೊಂಡು ಕೂರುತ್ತದೆ.

ಮಕ್ಕಳ ಪಾಲು

ಏಳೆಂಟು ವರ್ಷದ ಒಳಗಿನವರಿಗೆ ಸೂಜಿ ಬೇಡ, ಸಾಬೂನು ನೀರು ಕೊಡಿ. ಉಣ್ಣೆಯನ್ನು ಪದರ ಪದರವಾಗಿ ಅಡ್ಡ–ಉದ್ದ ಸುತ್ತಿ, ಬೆಚ್ಚಗಿನ ಸಾಬೂನು ನೀರಲ್ಲಿ ಅದ್ದಿ, ಮೊದಲು ಮುಟ್ಟಿಯೂ ಮುಟ್ಟದ ಹಾಗೆ ಉರುಳಿಸಬೇಕು. ಶುರುವಿಗೇ ಒತ್ತಿದರೆ ಮಡಿಕೆ ಬಿದ್ದು, ಅದು ಮತ್ತೆ ಮುಚ್ಚುವುದಿಲ್ಲ. ಉಂಡೆ ಕಲ್ಲಾಗುವ ಮೊದಲೇ ನಿಲ್ಲಿಸಿ ಒಣಗಿಸಿ. ಪೂರ್ತಿ ಗಟ್ಟಿಯಾದರೆ ಆಮೇಲೆ ಕಿವಿ ಜೋಡಿಸುವಾಗ ಸೂಜಿ ಇಳಿಯುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳು ಬಿಸ್ಕತ್ತು ಕತ್ತರಿಸುವ ಅಚ್ಚಿನೊಳಗೆ ಉಣ್ಣೆ ತುಂಬಿ ಒಂದೇ ಸೂಜಿಯಿಂದ ಚುಚ್ಚಲಿ, ಇನ್ನೊಂದು ಕೈ ಅಚ್ಚಿನ ಹೊರಗೆ. ಶುರುವಿಗೂ ಏಳುವಾಗಲೂ ಸೂಜಿ ಎಣಿಸಿ.

ಇನ್ನು ಕಿವಿ. ಚುಚ್ಚಿ ಮುಗಿಸಿದ ಕಿವಿಯನ್ನು ತಲೆಗೆ ಇಟ್ಟರೆ ಎಂದೂ ನಿಲ್ಲುವುದಿಲ್ಲ. ಬುಡದಲ್ಲಿ 1 ಸೆಂ.ಮೀ. ಉಣ್ಣೆಯನ್ನು ಹಿಂಜಿದ ಹಾಗೇ ಬಿಟ್ಟು, ಅದನ್ನು ತಲೆಯ ಮೇಲೆ ಹೂವಿನ ದಳದಂತೆ ಬಿಡಿಸಿ, 36ರ ಸೂಜಿಯಿಂದ ಆಳಕ್ಕೆ ಚುಚ್ಚಿ. ಎರಡೂ ಕಿವಿಗೆ ಬೇಕಾದ ಉಣ್ಣೆಯನ್ನು ಒಟ್ಟಿಗೇ ಕಿತ್ತು ಪಕ್ಕಪಕ್ಕದಲ್ಲಿಟ್ಟುಕೊಂಡಿರಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕಿತ್ತರೆ, ಎರಡನೆಯದು ಯಾವಾಗಲೂ ದಪ್ಪ.