499 ರೂಪಾಯಿಯ ಡಿಕ್ಷನರಿ ಆ್ಯಪ್: ಬ್ಯಾಟರಿ ಮೇಲೆ ಕೇಸ್ ಹಾಕಿಸಿತು

ಐದಕ್ಕೆ ಎರಡು ಸ್ಟಾರ್. ಆ ಎರಡರಲ್ಲಿ ಒಂದು ನೆಟ್ ಇಲ್ಲದಿದ್ದರೂ ಓಡುತ್ತದೆ ಅನ್ನೋದಕ್ಕೆ, ಇನ್ನೊಂದು ಉಚ್ಚಾರಣೆ ಚೆನ್ನಾಗಿ ಕೇಳಿಸುತ್ತದೆ ಅನ್ನೋದಕ್ಕೆ.

ನನ್ನದು ಗದಗದಲ್ಲಿ ಕೋರ್ಟ್ ಹತ್ತಿರ ಸಣ್ಣ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಅರ್ಜಿ, ಅಫಿಡವಿಟ್ ಟೈಪ್ ಮಾಡುವುದು ಕೆಲಸ. ಆದರೆ ಇಂಗ್ಲಿಷ್‌ನಲ್ಲಿರುವ ಯಾವ ಕಾಗದ ಸಿಕ್ಕರೂ ಜನ ತಂದು "ಇದರಾಗ ಏನ್ ಬರದಾರ ನೋಡ್ರಿ" ಅಂತ ಟೇಬಲ್ ಮೇಲೆ ಇಡುತ್ತಾರೆ. ಆಸ್ಪತ್ರೆ ಬಿಲ್ಲು, ಬ್ಯಾಂಕ್ ನೋಟಿಸು, ಮಿಕ್ಸಿ ಗ್ಯಾರಂಟಿ ಕಾರ್ಡು, ಎಲ್ಲಾ. ಅದಕ್ಕೇ ಒಂದು ಇಂಗ್ಲಿಷ್-ಕನ್ನಡ ಆ್ಯಪ್‌ಗೆ ವರ್ಷಕ್ಕೆ 499 ರೂಪಾಯಿ ಕಟ್ಟಿದೆ. ಪದ ಹುಡುಕಬಹುದು, ಕ್ಯಾಮೆರಾ ಹಿಡಿದರೆ ಇಡೀ ಪುಟವನ್ನೂ ಕನ್ನಡ ಮಾಡಿ ಕೊಡುತ್ತದೆ. ಹೆಸರು ಬೇಡ ಬಿಡಿ.

ಎಡವಟ್ಟಾಗಿದ್ದು ಒಂದೇ ಒಂದು ಪದದಿಂದ. ಚಾರ್ಜ್.

ಮೊದಲ ವಾರವೇ ಒಬ್ಬರು ಹೊಸ ಇನ್ವರ್ಟರ್‌ನ ಪುಸ್ತಕ ತಂದರು. ಬಳಸೋ ಮುಂಚೆ ಬ್ಯಾಟರಿಯನ್ನು 12 ಗಂಟೆ ಚಾರ್ಜ್ ಮಾಡಿ ಅಂತ ಇತ್ತು, ಅಷ್ಟೇ. ಕ್ಯಾಮೆರಾ ಹಿಡಿದೆ. "ಮೊದಲ ಬಳಕೆಗೆ ಮುನ್ನ 12 ಗಂಟೆ ಬ್ಯಾಟರಿಯ ಮೇಲೆ ಆರೋಪ ಹೊರಿಸಿ" ಅಂತ ಬಂತು. ನಾನು ಯೋಚನೆ ಮಾಡದೆ ಹಾಗೇ ಜೋರಾಗಿ ಓದಿಬಿಟ್ಟೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಅಲ್ರೀ ಅಣ್ಣಾರ, ಇದಕ್ಕೂ ವಕೀಲರನ್ನ ಹಿಡೀಬೇಕೇನ್ರಿ?" ಅಂದರು. ಝೆರಾಕ್ಸ್‌ಗೆ ನಿಂತಿದ್ದ ಇಬ್ಬರು ವಕೀಲರೂ ನಕ್ಕರು.

ಆಮೇಲೆ ನನಗೆ ಇದೇ ಚಟ ಆಯಿತು. ಚಾರ್ಜ್ ಇರೋ ಕಾಗದ ಕಂಡರೆ ಸಾಕು, ಕ್ಯಾಮೆರಾ ಹಿಡಿಯೋದು. ಫ್ರಿಜ್ ಹಿಂದಿನ ಸ್ಟಿಕ್ಕರ್‌ನಲ್ಲಿ ಆರ್-600ಎ, ಚಾರ್ಜ್ 45 ಗ್ರಾಂ ಅಂತ ಇತ್ತು, ಅಂದರೆ ಆರ್-600ಎ ಅನ್ನೋ ತಂಪು ಮಾಡುವ ಗ್ಯಾಸ್ ಒಳಗೆ ಎಷ್ಟು ತುಂಬಿಸಿದ್ದಾರೆ ಅಂತ. ಆ್ಯಪ್ ಪ್ರಕಾರ "ಶುಲ್ಕ 45 ಗ್ರಾಂ". ಮಗಳ ವಿಜ್ಞಾನದ ಪುಸ್ತಕದಲ್ಲಿ ಎಲೆಕ್ಟ್ರಾನ್‌ಗೆ ಋಣ ಶುಲ್ಕ ಇದೆಯಂತೆ. ಅಂದರೆ ಅದು ನಮಗೇ ದುಡ್ಡು ಕೊಡುತ್ತದೆ! ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಗೊತ್ತು, ಅಲ್ಲಿ ಅದು ವಿದ್ಯುದಾವೇಶ, ಅಳೆಯುವುದು ಕೂಲಂಬ್‌ನಲ್ಲಿ. ಆ ಪದವೂ ಕಮ್ಮಿ ಇಲ್ಲ ಬಿಡಿ. ಧನ ಆವೇಶ, ಋಣ ಆವೇಶ ಅಂತ ಮಗಳು ಬಾಯಿಪಾಠ ಮಾಡುವಾಗ ನಮ್ಮ ಅವ್ವ ಯಾರ ಮೈಮೇಲೆ ದೇವರು ಬಂತು ಅಂತ ಕೇಳಿದ್ದುಂಟು.

ನಗು ನಿಂತಿದ್ದು ಕೋರ್ಟ್ ಕಾಗದ ಬಂದಾಗ. ಪೊಲೀಸರು ತನಿಖೆ ಮುಗಿಸಿ ಕೊಡುವುದು ಚಾರ್ಜ್‌ಶೀಟ್. ಮೊದಲು ಅದು ಸಿಆರ್‌ಪಿಸಿ ಅನ್ನೋ ಹಳೇ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 173ನೇ ಸೆಕ್ಷನ್‌ನಲ್ಲಿ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 193ನೇ ಸೆಕ್ಷನ್. ಅದಾದ ಮೇಲೆ ಎರಡೂ ಕಡೆ ಕೇಳಿ ಜಡ್ಜ್ ಸಾಹೇಬರು ಚಾರ್ಜ್ ಫ್ರೇಮ್ ಮಾಡುವುದು, ಅಂದರೆ ಯಾವ ಆರೋಪದ ಮೇಲೆ ವಿಚಾರಣೆ ಅಂತ ನಿಗದಿ ಮಾಡುವುದು, ಬೇರೆ ಹಂತ. ವಕೀಲರ ಡೈರಿಯಲ್ಲಿ ಎಚ್‌ಬಿಸಿ ಅಂತ ಬರೆದಿರುತ್ತಾರಲ್ಲ, ಚಾರ್ಜ್‌ಗೆ ಮುಂಚಿನ ವಿಚಾರಣೆ, ಅದು ಇವೆರಡರ ನಡುವಿನದು. ಚಾರ್ಜ್ ಫ್ರೇಮ್ ಆಗಿದೆ ಅನ್ನೋದನ್ನ ಆ್ಯಪ್ "ಶುಲ್ಕಕ್ಕೆ ಚೌಕಟ್ಟು ಹಾಕಲಾಗಿದೆ" ಅಂತ ಮಾಡಿತು. ಕೇಸಿನಲ್ಲಿದ್ದ ಹುಡುಗನ ತಂದೆ ಎಷ್ಟು ಕಟ್ಟಬೇಕು ಅಂತ ಕಿಸೆಗೆ ಕೈ ಹಾಕಿದರು. ಪಾಪ, ಅವರಿಗೆ ಕೂರಿಸಿ ತಿಳಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು.

ಕ್ಯಾಮೆರಾ ಬೇಡ, ಪದ ಹುಡುಕೋಣ ಅಂದರೆ ಅಲ್ಲಿ ಇನ್ನೊಂದು ಕಷ್ಟ. ಆರೋಪ, ಶುಲ್ಕ, ಹೊಣೆ, ಆವೇಶ, ದಾಳಿ, ಪ್ರಭಾರ, ಮದ್ದು ತುಂಬು... ಸಂತೆಯಲ್ಲಿ ಎಲ್ಲಾ ಕಾಯಿಪಲ್ಲೆ ಒಂದೇ ಚೀಲಕ್ಕೆ ಸುರಿದ ಹಾಗೆ. ಯಾವುದು ಕಾನೂನಿಂದು, ಯಾವುದು ಕರೆಂಟಿಂದು, ಯಾವುದು ಫಿರಂಗಿಯದು ಅಂತ ಒಂದು ಗುರುತು ಇಲ್ಲ. ಹಳೇ ದಪ್ಪ ನಿಘಂಟುಗಳಲ್ಲಿ ಪಕ್ಕದಲ್ಲಿ ಸಣ್ಣದಾಗಿ ಕಾನೂನು, ಭೌತವಿಜ್ಞಾನ ಅಂತ ಹಾಕಿರುತ್ತಾರಲ್ಲ, ಅಷ್ಟಿದ್ದರೆ ಸಾಕಿತ್ತು. ನನ್ನ ತಕರಾರು ಇದೊಂದೇ. ಪದಕ್ಕೆ ಅರ್ಥ ಜಾಸ್ತಿ ಇರೋದು ಆ್ಯಪ್‌ನವರ ತಪ್ಪಲ್ಲ. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಸೆಟ್ ಅನ್ನೋ ಪದಕ್ಕೇ 430 ಅರ್ಥ ಇವೆ. ನಮ್ಮ ಸೆಟ್ ದೋಸೆ ಬಿಟ್ಟು!

ಇನ್ನೊಂದು ವಿಷಯ ಹೇಳಲೇಬೇಕು. ಚಾರ್ಜ್‌ನ ಬೇರು ಲ್ಯಾಟಿನ್ ಭಾಷೆಯಲ್ಲಿ ಬಂಡಿ ಅನ್ನುವ ಪದ. ಬಂಡಿಗೆ ಹೊರೆ ಹೇರುವುದೇ ಮೂಲ ಅರ್ಥ. ಕಾರು, ಕಾರ್ಗೋ ಎಲ್ಲಾ ಅದರ ಅಣ್ಣತಮ್ಮಂದಿರೇ. ಇದು ಗೊತ್ತಾದ ಮೇಲೆ ನಮ್ಮ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿದೆ. ಆರೋಪ ನಾವು 'ಹೊರಿಸು'ತ್ತೇವೆ. ಜವಾಬ್ದಾರಿ 'ಹೊರು'ತ್ತೇವೆ. ಇನ್‌ಚಾರ್ಜ್ ಅಧಿಕಾರಿ 'ಪ್ರಭಾರ' ಅಧಿಕಾರಿ, ಅದರಲ್ಲೇ ಭಾರ ಇದೆ. ನಮ್ಮ ಕಡೆ ಬ್ಯಾಂಕ್ ಸಾಲ ತೆಗೆದರೆ ಪಹಣಿಯ 11ನೇ ಕಾಲಂನಲ್ಲಿ 'ಬೋಜಾ' ಏರುತ್ತದೆ, ಅದೂ ಹೊರೆಯೇ. ಬ್ಯಾಂಕಿನವರು ಇಂಗ್ಲಿಷ್‌ನಲ್ಲಿ ಬರೆಯುವಾಗ ಅದನ್ನೂ ಚಾರ್ಜ್ ಅಂತಲೇ ಬರೆಯುತ್ತಾರೆ. ಇಂಗ್ಲಿಷ್‌ನವರು ಒಂದೇ ಪದದಲ್ಲಿ ಹೇರಿದ್ದನ್ನು ನಾವು ನಾಲ್ಕು ಪದಕ್ಕೆ ಹಂಚಿದ್ದೇವೆ, ಹೊರೆ ಮಾತ್ರ ಅದೇ. ಬೋಜಾ ಅಂತ ಆ ಆ್ಯಪ್‌ನಲ್ಲಿ ಹುಡುಕಿ ನೋಡಿ, ಸಿಗಲ್ಲ.

ತಗೋಬೇಕಾ? ಸ್ಪೋಕನ್ ಇಂಗ್ಲಿಷ್ ಕಲಿಯೋರಿಗೆ ಪರವಾಗಿಲ್ಲ. ಕಚೇರಿ, ಕೋರ್ಟ್ ಕೆಲಸಕ್ಕೆ ಬೇಡವೇ ಬೇಡ. ಸರ್ಕಾರದ ಪದಕಣಜ ಅನ್ನೋ ವೆಬ್‌ಸೈಟ್ ಪುಕ್ಕಟೆ ಇದೆ, ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಿ ಕೊಡುತ್ತದೆ. ನೋಡೋಕೆ ಅಷ್ಟು ಚೆಂದ ಇಲ್ಲ, ಕೆಲಸ ಆಗುತ್ತದೆ.

ದುಡ್ಡು ವಾಪಸ್ ಕೊಡಿ ಅಂತ ಆ್ಯಪ್‌ನವರಿಗೆ ಬರೆದೆ. ಎರಡು ದಿನ ಬಿಟ್ಟು ಕನ್ನಡದಲ್ಲೇ ಉತ್ತರ ಬಂತು, ಅವರದೇ ಯಂತ್ರ ಮಾಡಿದ ಕನ್ನಡ ಇರಬೇಕು: "ಕ್ಷಮಿಸಿ, ವಾರ್ಷಿಕ ಆರೋಪವನ್ನು ಹಿಂಪಡೆಯಲಾಗುವುದಿಲ್ಲ."