ಹಳೇ ಜರ್ಮನ್ ಕುಸ್ತಿಯ ಕ್ಲಾಸ್: ಒಂದೂವರೆ ವರ್ಷ ಕಲಿತ ಮೇಲೆ

ಕೆಲಸದ ಮೇಲೆ ಜರ್ಮನಿಯ ಲೈಪ್‌ಜಿಗ್‌ಗೆ ಬಂದವನು ನಾನು. ಇಲ್ಲಿನ ಒಂದು ಕ್ಲಬ್‌ಗೆ 'ರಿಂಗನ್' ಕಲಿಯಲು ಸೇರಿ ಒಂದೂವರೆ ವರ್ಷವಾಯಿತು. ರಿಂಗನ್ ಅಂದರೆ ಕುಸ್ತಿ. ನಾವು ಕಲಿಯುವುದು 15-16ನೇ ಶತಮಾನದ್ದು, ಆ ಕಾಲದ ಹಸ್ತಪ್ರತಿ, ಪುಸ್ತಕಗಳನ್ನು ನೋಡಿಕೊಂಡು. ವಾರಕ್ಕೆ ಎರಡು ಸಂಜೆ, ತಿಂಗಳಿಗೆ 30 ಯೂರೋ.

ಮೊದಲ ಎರಡು ತಿಂಗಳು ಯಾರನ್ನೂ ಕೆಡವಲು ಬಿಡಲಿಲ್ಲ. ಬರೀ ಬೀಳುವುದು ಮತ್ತು ಜೋಡಿ ಅಭ್ಯಾಸ. ಆಗ ಬೇಜಾರಾಗಿತ್ತು. ಈಗ ಕೇಳಿದರೆ, ಕೊಟ್ಟ ದುಡ್ಡು ಅದೊಂದಕ್ಕೇ ಸಾರ್ಥಕ ಅನ್ನುತ್ತೇನೆ.

ಶುರು 'ವಾಗೆ' ನಿಲುವಿನಿಂದ. ತಕ್ಕಡಿ ಎಂದು ಅರ್ಥ. ಮಂಡಿ ಬಗ್ಗಿಸಿ, ಕಾಲು ಅಗಲಿಸಿ ನಿಲ್ಲಬೇಕು. ಜೋಡಿಯವರು ಭುಜಕ್ಕೋ ಸೊಂಟಕ್ಕೋ ಅಂಗೈ ಇಟ್ಟು ಮೆಲ್ಲಗೆ ತಳ್ಳುತ್ತಾರೆ. ಪಾದ ಕದಲಬಾರದು. ಐದು ನಿಮಿಷಕ್ಕೆ ತೊಡೆ ನಡುಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಕಣ್ಣು ಮುಚ್ಚಿ ಮಾಡುವ ಅಭ್ಯಾಸ. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಿಲ್ಲುತ್ತೇವೆ, ಒಂದು ಕೈ ಒಳಗಿನಿಂದ, ಒಂದು ಕೈ ಹೊರಗಿನಿಂದ. ತಳ್ಳಿದರೆ ಪಕ್ಕಕ್ಕೆ ತಿರುಗಿ ಜಾಗ ಬಿಡಬೇಕು. ಎಳೆದರೆ ಜೊತೆಗೇ ಹೆಜ್ಜೆ ಹಾಕಬೇಕು. ಜೋಡಿಯವರು ಕಾಲೆತ್ತುವ ಮುಂಚೆ ಅವರ ಮೊಣಕೈ ಚೂರೇ ಚೂರು ಬಿಗಿಯಾಗುತ್ತದೆ. ಅದು ನನ್ನ ಬೆರಳಿಗೆ ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ತಿಳಿದ ದಿನ ಮನೆಗೆ ನಡೆದುಕೊಂಡೇ ಹೋದೆ, ಅಷ್ಟು ಖುಷಿ.

15ನೇ ಶತಮಾನದ ಓಟ್ ಎಂಬ ಗುರುವಿನ ಪಾಠವನ್ನು ಇದರ ಮೇಲೆ ಕೂರಿಸುತ್ತಾರೆ. ಎದುರಿನವನು ನಿನಗಿಂತ ದುರ್ಬಲನಾದರೆ ನೀನೇ ಮೊದಲು ನುಗ್ಗು, ಸಮಬಲನಾದರೆ ಜೊತೆಜೊತೆಗೆ, ಬಲಶಾಲಿಯಾದರೆ ಅವನು ಬರುವವರೆಗೆ ಕಾಯಿ. ಒಂದೇ ಹಿಡಿತವನ್ನು ಮೂರು ಸಲ, ಮೂರು ರೀತಿ ಮಾಡಿಸುತ್ತಾರೆ.

ಫಾಬಿಯಾನ್ ಫಾನ್ ಆವರ್ಸ್‌ವಾಲ್ಡ್ ಅವರ ಕುಸ್ತಿ ಪುಸ್ತಕ ಅಚ್ಚಾಗಿದ್ದು ಇಲ್ಲಿಗೆ ಹತ್ತಿರದ ವಿಟೆನ್‌ಬರ್ಗ್‌ನಲ್ಲಿ, 1539ರಲ್ಲಿ. ಅವರು ಹುಟ್ಟಿದ್ದು 1462ರಲ್ಲಿ. ಚಿತ್ರಗಳಲ್ಲಿ ಗಡ್ಡದ ಮುದುಕರೊಬ್ಬರು ಹುಡುಗನನ್ನು ಎತ್ತಿ ಹಾಕುತ್ತಿರುತ್ತಾರೆ, ಅದು ಅವರೇ! ಅದರಲ್ಲಿರುವ 'ಗ್ರೂಬ್ಲೈನ್' ನಮ್ಮ ಹೊಸಬರಿಗೆಲ್ಲ ಅಚ್ಚುಮೆಚ್ಚು. ಒಬ್ಬರ ಒಂದು ಪಾದ ಸಣ್ಣ ಗುಳಿಯಲ್ಲಿ, ಇನ್ನೊಬ್ಬರು ಕುಂಟುಕಾಲಲ್ಲಿ. ಹಾಗೇ ಕುಸ್ತಿ. ನಾವು ಮ್ಯಾಟ್ ಮೇಲೆ ಗುಳಿಯ ಬದಲು ಸೀಮೆಸುಣ್ಣದ ಗುರುತು ಹಾಕಿಕೊಳ್ಳುತ್ತೇವೆ.

ಒಂದು ದೂರು ಇದೆ. ನಮ್ಮ ಕಡೆ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ, ತೂಕ, ಅನುಭವ ನೋಡಿ. ಇಲ್ಲಿ ಮೊದಮೊದಲು ಪಕ್ಕದಲ್ಲಿ ಯಾರು ನಿಂತಿದ್ದರೋ ಅವರೇ ಜೋಡಿ. 62 ಕಿಲೋದ ನನಗೆ 95 ಕಿಲೋದವರು ಸಿಕ್ಕರು. ಸೊಂಟದ ಮೇಲೆ ಎತ್ತಿ ಹಾಕುವ ಪಟ್ಟು ಕಲಿಯುವಾಗ ನನ್ನ ಮೇಲೇ ಬಿದ್ದು ಮಂಡಿ ಉಳುಕಿತು. ಆರು ವಾರ ಮನೆಯಲ್ಲಿ. ತಪ್ಪು ಅವರದ್ದಲ್ಲ, ಜೋಡಿ ಹಾಕಿದವರು ನೋಡಬೇಕಿತ್ತು. ವಾಪಸ್ ಹೋಗಿ ನೇರವಾಗಿ ಹೇಳಿದೆ. ಈಗ ತೂಕ ಕೇಳಿಯೇ ಜೋಡಿ ಮಾಡುತ್ತಾರೆ.

ಸೇರುವವರು ಮೊದಲ ದಿನವೇ ಎರಡು ವಿಷಯ ಕೇಳಿ. ಬೀಳುವುದನ್ನು ಎಷ್ಟು ವಾರ ಕಲಿಸುತ್ತೀರಿ? ಜೋಡಿ ಹೇಗೆ ಹಾಕುತ್ತೀರಿ? ಸರಿಯಾದ ಉತ್ತರ ಬರದಿದ್ದರೆ ಸುಮ್ನೆ ಬೇರೆ ಕ್ಲಬ್ ನೋಡಿ.

ಮುಂದಿನ ತಿಂಗಳು ಹೊಸ ಬ್ಯಾಚ್ ಶುರು. ಕಣ್ಣು ಮುಚ್ಚಿ ಮಾಡುವ ಅಭ್ಯಾಸಕ್ಕೆ ಅವರ ಜೋಡಿಯಾಗಿ ನಿಲ್ಲಲು ನಾನು ಹೆಸರು ಕೊಟ್ಟಿದ್ದೇನೆ.